ಕಿರುಹೊತ್ತಗೆಗಳ ಶೋಧ ಮತ್ತು ರಕ್ಷಣೆ



ಹಂಪೆಯ ಪರಿಸರದಲ್ಲಿ, ಕಮಲಾಪುರದ ಸಮೀಪ, ಜನರು ಗಾಣಿಗಿತ್ತಿ ಬಸದಿಯೆಂದು ಕರೆಯುವ ಜಿನಾಲಯವೊಂದಿದೆ. ಶಕವರ್ಷ 1307ರಲ್ಲಿ, ಎಂದರೆ ಕ್ರಿ.ಶ. 1385-86ರಲ್ಲಿ, ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು ಇದನ್ನು ಕುಂಥುನಾಥ ತೀರ್ಥಂಕರರಿಗಾಗಿ ಕಟ್ಟಿಸಿದನೆಂಬುದು ಬಸದಿಯ ಮುಂದಿನ ಕಂಬದ ಸಂಸ್ಕೃತ ಶಾಸನದಿಂದ ವಿದಿತವಾಗುತ್ತದೆ. ಈ ಇರುಗಪ್ಪನೇ 'ನಾನಾರ್ಥರತ್ನಮಾಲಾ' ಎಂಬ ಸಂಸ್ಕೃತ ನಿಘಂಟಿನ ಕರ್ತೃವೂ ಹೌದು. ಆತನು ನಿಲ್ಲಿಸಿದ ಶಿಲೆ ನಿಂತಲ್ಲಿಯೇ ಉಳಿಯಿತು. ಆತನು ರಚಿಸಿದ ಗ್ರಂಥ ಪ್ರತಿಯಿಂದ ಪ್ರತಿಗೆ ಸಾಗಿ ಉಳಿಯಿತು. ಶಾಸನದ ಪಾಠವನ್ನು ಹುಲ್ಟ್ಸ್ ಎಂಬ ವಿದ್ವಾಂಸರು 1890ರಲ್ಲಿ ದಕ್ಷಿಣ ಭಾರತದ ಶಾಸನಗಳ ಮೊದಲನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಹೀಗೆ ಕಲ್ಲಿಗೂ ಓಲೆಗೂ ಕಾವಲುಗಾರರು ದೊರೆತರು.

ಆದರೆ ಇವೆರಡರ ನಡುವೆ ಅನಾಥವಾದ ಇನ್ನೊಂದು ಸಾಹಿತ್ಯವಿದೆ. ಕಳೆದ ಶತಮಾನದಲ್ಲಿ ವಿದ್ವಾಂಸರು ಅಲ್ಪಸಂಖ್ಯೆಯಲ್ಲಿ, ಹಲವೊಮ್ಮೆ ಸ್ವಂತ ಖರ್ಚಿನಿಂದ, ಅಚ್ಚು ಹಾಕಿಸಿ ಮಿತ್ರರಿಗೆ ಹಂಚಿದ ಕಿರುಹೊತ್ತಗೆಗಳವು. ಮೂಡಬಿದಿರೆ ಮೊದಲಾದೆಡೆಗಳ ತಾಡವಾಲೆಗಳಿಗೆ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಗ್ರಂಥಸೂಚಿಯನ್ನು ಕಾಶಿಯ ಭಾರತೀಯ ಜ್ಞಾನಪೀಠವು 1948ರಲ್ಲಿಯೇ ಪ್ರಕಟಿಸಿತು. ಅಚ್ಚಾದ ಪುಸ್ತಕ ಎಲ್ಲಿಯಾದರೂ ಸಿಕ್ಕೇ ಸಿಗುವುದೆಂಬ ಭ್ರಮೆಯಿಂದ ಕಿರುಹೊತ್ತಗೆಗಳಿಗೆ ಅಂತಹ ಆರೈಕೆ ದೊರೆಯಲಿಲ್ಲ. ಆದಕಾರಣ ಐನೂರು ವರ್ಷದ ಓಲೆಗಿಂತ ತೊಂಬತ್ತು ವರ್ಷದ ಮುದ್ರಿತ ಹಾಳೆ ದುರ್ಲಭವಾಗುವ ವಿಪರ್ಯಾಸ ಒದಗುತ್ತದೆ.

ಕಂಪ್ಲಿಯನ್ನು ಕುರಿತ ನಿದರ್ಶನವೊಂದನ್ನು ನೋಡಬಹುದು. 1927ಕ್ಕೆ ಸರಿಯಾಗಿ ಆರುನೂರು ವರ್ಷಗಳ ಹಿಂದೆ, 1327ರಲ್ಲಿ, ದೆಹಲಿಯ ಸೇನೆಗೆ ಕಂಪಿಲ ರಾಜ್ಯ ಬಲಿಯಾಯಿತು. ಕುಮಾರರಾಮನ ಶೌರ್ಯದಿಂದ ಜನಮನದಲ್ಲಿ ಉಳಿದ ಆ ರಾಜ್ಯಕ್ಕೂ ಬಳಿಕ ಉದಿಸಿದ ವಿಜಯನಗರಕ್ಕೂ ಇದ್ದ ಸಂಬಂಧವನ್ನು ಎನ್. ವೆಂಕಟರಮಣಯ್ಯನವರು 1929ರಲ್ಲಿ ಮದ್ರಾಸಿನಲ್ಲಿ ಅಚ್ಚಾದ 'ಕಂಪಿಲಿ ಅಂಡ್ ವಿಜಯನಗರ' ಎಂಬ ಇಂಗ್ಲಿಷ್ ಕಿರುಹೊತ್ತಗೆಯಲ್ಲಿ ಚರ್ಚಿಸಿದರು. ಅದೇ ವರ್ಷ ಹೆರಾಸ್ ಪಾದ್ರಿಗಳ ವಿಜಯನಗರ ಮೂಲವನ್ನು ಕುರಿತ ಗ್ರಂಥವೂ ಹೊರಬಂದಿತು. 1933ರಲ್ಲಿ ವೆಂಕಟರಮಣಯ್ಯನವರ ವಿಸ್ತೃತ ಗ್ರಂಥ ಬಂದಿತು. ದೊಡ್ಡ ಗ್ರಂಥ ಬಂದೊಡನೆ ಸಣ್ಣದು ಮರೆಗೆ ಸರಿಯುವುದು ಲೋಕರೂಢಿ. ಆದರೆ ವಿದ್ವಾಂಸನೊಬ್ಬನು ಮೊದಲು ಏನು ಹೇಳಿದನು, ಅನಂತರ ಏನನ್ನು ತಿದ್ದಿದನು ಎಂಬುದು ಮೊದಲ ಹೊತ್ತಗೆಯಿಲ್ಲದೆ ತಿಳಿಯದು. ಅದು ಕಣ್ಮರೆಯಾದಾಗ ಉಲ್ಲೇಖದಿಂದ ಉಲ್ಲೇಖ ಹುಟ್ಟುತ್ತದೆ. ಕಾಣದ ಪುಟವನ್ನು ಕಂಡಂತೆ ಬರೆಯುವ ಅನರ್ಥ ಬೆಳೆಯುತ್ತದೆ.

ಇಂತಹ ಹೊತ್ತಗೆಯ ಉಳಿದ ಪ್ರತಿಗಳನ್ನು ಅರಸುವುದಕ್ಕೆ ಕ್ರಮವಿದೆ. ಮೊದಲನೆಯದು, ಸಮಕಾಲೀನ ಗ್ರಂಥಗಳ ಅಡಿಟಿಪ್ಪಣಿಗಳು. 1936ರಲ್ಲಿ ಧಾರವಾಡದಿಂದ ಬಂದ ವಿಜಯನಗರ ಷಟ್‌ಶತಮಾನೋತ್ಸವ ಸಂಪುಟ, 1938ರ ಬಿ.ಎ. ಸಾಲೆತ್ತೂರರ 'ಮಿಡೀವಲ್ ಜೈನಿಸಂ' ಮುಂತಾದವುಗಳಲ್ಲಿ ಯಾರು ಯಾವ ಕೃತಿಯನ್ನು ಕಂಡಿದ್ದರೆಂಬ ಸುಳಿವು ದೊರೆಯುತ್ತದೆ.

ಎರಡನೆಯದು, ಸರ್ಕಾರದ ದಾಖಲೆ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯಂತೆ ಬ್ರಿಟಿಷ್ ಪ್ರಾಂತಗಳಲ್ಲಿ ಅಚ್ಚಾದ ಪುಸ್ತಕದ ಪ್ರತಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕಾಗಿತ್ತು. ಮೂರು ತಿಂಗಳಿಗೊಮ್ಮೆ ಗೆಜೆಟ್ಟಿನಲ್ಲಿ ಬರುತ್ತಿದ್ದ ಪಟ್ಟಿಯಲ್ಲಿ ಮುದ್ರಣಾಲಯ, ಪುಟಸಂಖ್ಯೆ, ಬೆಲೆ ಮಾತ್ರವಲ್ಲದೆ ಎಷ್ಟು ಪ್ರತಿಗಳು ಅಚ್ಚಾದವೆಂಬುದನ್ನೂ ನಮೂದಿಸಬೇಕೆಂಬ ವಿಧಿಯಿತ್ತು. ಶೋಧಕನಿಗೆ ಇದಕ್ಕಿಂತ ಬೆಲೆಯುಳ್ಳ ಅಂಕಿಯಿಲ್ಲ.

ಇಲ್ಲಿ ಈ ಸೀಮೆಯ ಆಡಳಿತ ಚರಿತ್ರೆಯನ್ನು ಮರೆಯಲಾಗದು. ಹೊಸಪೇಟೆ, ಹಂಪೆ, ಕಂಪ್ಲಿಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಆದ್ದರಿಂದ ಅವುಗಳ ಮುದ್ರಣದ ಜಾಡು ಬೆಂಗಳೂರಿಗಲ್ಲ, ಚೆನ್ನೈಗೆ ಒಯ್ಯುತ್ತದೆ. ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನ. ತುಂಗಭದ್ರೆಯಾಚೆಯ ಆನೆಗೊಂದಿ ನಿಜಾಮನ ರಾಜ್ಯಕ್ಕೆ ಸೇರಿತ್ತು. ಒಂದು ದಿನದ ದಾರಿಯೊಳಗೆ ಮೂರು ಆಡಳಿತಗಳು! ಮದ್ರಾಸಿನ ಪಟ್ಟಿಯಲ್ಲಿ ಕಾಣದ ಮಾತ್ರಕ್ಕೆ ಹೊತ್ತಗೆ ಅಚ್ಚಾಗಲೇ ಇಲ್ಲವೆಂದು ನಿರ್ಣಯಿಸಲಾಗದು.

ಮೂರನೆಯದು, ಗ್ರಂಥಾಲಯಗಳು. ಚೆನ್ನೈಯಲ್ಲಿ 1896ರಲ್ಲಿ ತೆರೆದ ಕನ್ನೆಮರಾ ಗ್ರಂಥಾಲಯ, ಕೋಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯ, ಲಂಡನ್ನಿನ ಬ್ರಿಟಿಷ್ ಗ್ರಂಥಾಲಯ, 1991ರಲ್ಲಿ ಹಂಪೆಯ ಬಳಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯದ ಗ್ರಂಥಾಲಯ ಇವು ಮುಖ್ಯವಾದವು. ಕಂಪಿಲಿ, ಕಂಪ್ಲಿ, ಹಂಪಿ, ಹಂಪೆ ಎಂಬ ರೂಪಭೇದಗಳೆಲ್ಲದರಲ್ಲಿಯೂ, ಲೇಖಕನ ಹೆಸರನ್ನು ಕೂಡಿಸಿಯೂ ಬಿಡಿಸಿಯೂ ಹುಡುಕಬೇಕು. ಹತ್ತಾರು ಹೊತ್ತಗೆಗಳನ್ನು ಒಂದೇ ರಟ್ಟಿನಲ್ಲಿ ಕಟ್ಟಿಸಿ, ಮೊದಲನೆಯದರ ಹೆಸರನ್ನು ಮಾತ್ರ ಪಟ್ಟಿಗೆ ಸೇರಿಸಿರುವುದೂ ಉಂಟು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಶ್ರಾವಕರ ಮನೆಗಳು. ಬಸದಿಯ ಪೆಟ್ಟಿಗೆಯಲ್ಲಿ, ಹಿರಿಯರ ಲೆಕ್ಕದ ಪುಸ್ತಕಗಳ ನಡುವೆ, ಮುಖಪುಟವಿಲ್ಲದ ಹಾಳೆಗಳ ಕಟ್ಟು ದೊರೆತಾಗ ಅದನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಬೇಕು. ಮುದ್ರಣಾಲಯದ ಹೆಸರು ಹಲವು ವೇಳೆ ಕೊನೆಯ ಪುಟದಲ್ಲಿರುತ್ತದೆ. ಹಿಂದಿನ ಒಡೆಯರ ಸಹಿ, ಕಾಣಿಕೆಯ ಬರಹ ಇವನ್ನು ಅಳಿಸಬಾರದು. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬಾರದು. ಪ್ರತಿಯನ್ನು ಕೈಬಿಡಲು ಮನಸ್ಸಿಲ್ಲದವರು ಛಾಯಾಪ್ರತಿ ತೆಗೆಯಲು ಅವಕಾಶವಿತ್ತರೂ ಅದು ಶಾಸ್ತ್ರದಾನವೇ ಸರಿ.

ಇಂದಿನ ಈ ಸ್ಮರಣ ಸಂಚಿಕೆಯೂ ನಾಳಿನ ದುರ್ಲಭ ಹೊತ್ತಗೆಯೇ. ದಾನಿಗಳ ಹೆಸರು, ಬಸದಿಯ ಚರಿತ್ರೆ, ಪ್ರತಿಷ್ಠೆಯ ತಿಥಿ ಬೇರೆಲ್ಲಿಯೂ ದಾಖಲಾಗದೆ ಇಂತಹ ಪುಟಗಳಲ್ಲಿಯೇ ಉಳಿಯುತ್ತವೆ. 1954ರ ಪುಸ್ತಕ ಒಪ್ಪಿಸುವ ಕಾಯಿದೆಯಂತೆ ಪ್ರಕಾಶಕರು 30 ದಿನಗಳೊಳಗೆ ಕೋಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕು. ನಾಲ್ಕು ಲಕೋಟೆಗಳ ಅಂಚೆವೆಚ್ಚ ಅತ್ಯಲ್ಪ. ಇರುಗಪ್ಪನು ಶಿಲೆಯಲ್ಲಿ ಕೆತ್ತಿಸಿ ಸಾಧಿಸಿದ ಸ್ಥಿರತೆಯನ್ನು ಕಾಗದಕ್ಕೆ ಕೊಡಬೇಕಾದರೆ, ಪ್ರತಿಯೊಂದು ಹಲವು ಕಡೆ ಇರುವಂತೆ ನೋಡಿಕೊಳ್ಳುವುದೊಂದೇ ದಾರಿ. ಪ್ರತಿಷ್ಠಾಮಹೋತ್ಸವದ ಕಾರ್ಯಭಾರಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಮೀಸಲಾಗಲಿ.