ಹೊಸ ಕಿಡ್ನಿ ಬಂದವರಿಗೆ ಟೋಪಿ ಯಾಕೆ?

ಮಕ್ಕಳೇ, ಅಂಗೈ ಮಗುಚಿ ಕೈಯ ಹಿಂಭಾಗವನ್ನು ಒಮ್ಮೆ ನೋಡಿಕೊಳ್ಳಿ. ಬಿಸಿಲು ಹೆಚ್ಚು ಬೀಳುವುದು ಅಲ್ಲಿಗೇ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು ಚರ್ಮದ ಜೀವಕೋಶದೊಳಗೆ ನುಗ್ಗಿ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಗಾಬರಿ ಬೇಡ, ಹೆಚ್ಚಿನ ಪೆಟ್ಟುಗಳನ್ನು ಜೀವಕೋಶವೇ ರಿಪೇರಿ ಮಾಡಿಕೊಳ್ಳುತ್ತದೆ. ಮೆಲನಿನ್ ಎಂಬ ಕಂದು ಕಣಗಳೂ ನೆರವಾಗುತ್ತವೆ. ಅವು ಎಲ್ಲೆಂದರಲ್ಲಿ ಚೆದುರಿರುವುದಿಲ್ಲ. ಡಿಎನ್‌ಎ ಇರುವ ನ್ಯೂಕ್ಲಿಯಸ್‌ನ ನೆತ್ತಿಯ ಮೇಲೆ, ಬಿಸಿಲು ಬರುವ ಕಡೆಗೇ, ಕೊಡೆ ಹಿಡಿದಂತೆ ಗುಂಪುಗೂಡಿರುತ್ತವೆ! ಇಷ್ಟು ಚಿಕ್ಕ ಜಾಗದಲ್ಲಿ ಎಂಥ ಅಚ್ಚುಕಟ್ಟು ನೋಡಿ.

ಆದರೂ ಒಂದೆರಡು ಕೋಶ ಕೆಟ್ಟು, ಹಿಡಿತವಿಲ್ಲದೆ ಬೆಳೆಯತೊಡಗಬಹುದು. ಅದೇ ಕ್ಯಾನ್ಸರಿನ ಶುರು. ಅಂಥವನ್ನು ಹುಡುಕಿ ಮುಗಿಸುವ ಕೆಲಸ ರಕ್ತದ ಟಿ-ಕೋಶಗಳದ್ದು.

ಬೇರೊಬ್ಬರ ಕಿಡ್ನಿಯನ್ನು ಕಸಿ ಮಾಡಿದಾಗ ಈ ಟಿ-ಕೋಶಗಳು ಅದನ್ನೂ ಹೊರಗಿನದೆಂದು ಬಗೆದು ಮೇಲೆ ಬೀಳುತ್ತವೆ. ಜೀವ ಉಳಿಸಲು ಬಂದದ್ದೆಂದು ಅವಕ್ಕೇನು ಗೊತ್ತು? 1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ತಂಡ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿಯಲ್ಲಿ ಈ ತೊಂದರೆ ಬರಲಿಲ್ಲ. ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳು. ಉಳಿದವರು ಮಾತ್ರ ಟಿ-ಕೋಶಗಳನ್ನು ತಣ್ಣಗಿಡುವ ಮಾತ್ರೆಯನ್ನು ದಿನವೂ ನುಂಗಬೇಕು. ಆ ಮಾತ್ರೆ ಕಿಡ್ನಿಯ ಹತ್ತಿರವಷ್ಟೇ ಕೆಲಸ ಮಾಡಿ ಸುಮ್ಮನಾಗುವುದಿಲ್ಲ. ಚರ್ಮದ ಕಾವಲನ್ನೂ ಸಡಿಲಿಸುತ್ತದೆ. ಅಜಥಯೋಪ್ರಿನ್ ಎಂಬ ಹಳೆಯ ಮಾತ್ರೆಯಂತೂ ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಸೂಕ್ಷ್ಮ ಮಾಡುತ್ತದೆ.

ಇದರ ಪರಿಣಾಮ ಎದ್ದು ಕಾಣುವುದು ಆಸ್ಟ್ರೇಲಿಯಾದಲ್ಲಿ. ಅಲ್ಲಿ ನೇರಳಾತೀತ ಕಿರಣ ಬಹಳ, ಹೆಚ್ಚಿನವರ ಚರ್ಮದಲ್ಲಿ ಮೆಲನಿನ್ ಕಡಿಮೆ. ಅಂಗಾಂಗ ಕಸಿಯಾದ ಬಿಳಿ ಚರ್ಮದವರಿಗೆ ಸ್ಕ್ವಾಮಸ್ ಸೆಲ್ ಎಂಬ ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆ ಇತರರಿಗಿಂತ ಹತ್ತಾರು ಪಟ್ಟು ಹೆಚ್ಚು. ಕಂದು ಮೈಬಣ್ಣದವರಲ್ಲಿ ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ.

ಅದಕ್ಕೇ ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ, ಸನ್‌ಸ್ಕ್ರೀನ್. ಚರ್ಮದ ಡಾಕ್ಟರು ಕಿವಿಯಂಚು, ಕೆಳತುಟಿ, ನೆತ್ತಿಯನ್ನೆಲ್ಲ ಬೆರಳಾಡಿಸಿ ನೋಡುತ್ತಾರೆ. ಮರಳು ಕಾಗದದಂತೆ ತರಿತರಿಯಾದ ಕಲೆ, ಮಾಯದ ಹುಣ್ಣು ಸಿಕ್ಕರೆ ಪರೀಕ್ಷಿಸುತ್ತಾರೆ. ಬೇಗ ಸಿಕ್ಕಿದ್ದನ್ನು ಬಹುಮಟ್ಟಿಗೆ ಪೂರ್ತಿ ತೆಗೆದುಹಾಕಬಹುದು. ಇದು ಅಂಟುವ ಕಾಯಿಲೆಯಲ್ಲ, ಅಂಥವರನ್ನು ಧಾರಾಳವಾಗಿ ತಬ್ಬಿಕೊಳ್ಳಿ.

ಮಾತ್ರೆ ಬಿಟ್ಟರೆ ಕಿಡ್ನಿಯೇ ಹೋದೀತು. ಆದರೆ ಬದಲಿಸಬಹುದು. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕ ಸಿರೊಲಿಮಸ್ ಎಂಬ ಔಷಧ, ಟಿ-ಕೋಶಗಳ ಜೊತೆಗೆ ಕೆಟ್ಟ ಕೋಶಗಳ ಬೆಳವಣಿಗೆಯನ್ನೂ ತಡೆಯುತ್ತದೆ. ಎಲ್ಲರ ಮೈಗೂ ಒಗ್ಗುವುದಿಲ್ಲ. ಒಗ್ಗಿದವರಲ್ಲಿ ಚರ್ಮದ ಕ್ಯಾನ್ಸರ್ ಮತ್ತೆ ಬರುವುದು ಕಡಿಮೆಯಾಗಿದೆ.