ಬಂದ್ ಆಗುವ ಮುನ್ನ ಕನ್ನಡದಲ್ಲಿ ಹೇಳಲಿ!

ಪುತ್ತೂರು, ಸುಳ್ಯ, ಕಡಬ ಕಡೆಯಿಂದ ಬೆಂಗಳೂರಿಗೆ ಬಂದು ದುಡಿಯುತ್ತಿರುವ ಯುವಕ ಯುವತಿಯರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ



ಇವತ್ತು ನಾಮಫಲಕದ ವಿಷಯ ಎತ್ತುವುದಿಲ್ಲ. ಬ್ಯಾಂಕಿನ ಚಲನ್ನಿನ ವಿಷಯವೂ ಬೇಡ. ಅವೆಲ್ಲ ನಿಮಗೆ ಬಾಯಿಪಾಠ. ನಾನು ಹೇಳಹೊರಟಿರುವುದು ಕಂಪ್ಯೂಟರು ತಾನೇ ತಾನಾಗಿ ಬಂದ್ ಆಗುವ, ತಾನೇ ಮತ್ತೆ ಶುರುವಾಗುವ ಸಂಗತಿ. ಇದರಲ್ಲಿ ಕನ್ನಡಕ್ಕೇನು ಕೆಲಸ ಎಂದು ನಗುತ್ತೀರಾ? ನಗಿ. ಆದರೆ ಸ್ವಲ್ಪ ಹೊತ್ತು ಕೇಳಿ ಆಮೇಲೆ ನಗಿ.

ಮೊದಲು ನಮ್ಮೂರಿನ ಕರೆಂಟಿನ ಕಥೆ. ಪತ್ತನಾಜೆಗೆ ಮುಂಚೆ ಸಂಜೆಯ ಸಿಡಿಲು, ಆಮೇಲೆ ನಾಲ್ಕು ತಿಂಗಳ ಜಡಿಮಳೆ, ಅದು ಮುಗಿಯಿತು ಎನ್ನುವಾಗ ಅಕ್ಟೋಬರಿನಲ್ಲಿ ಮತ್ತೆ ಸಿಡಿಲು. ಕಾಡು, ತೋಟ, ಗುಡ್ಡ ದಾಟಿ ಬರುವ ತಂತಿ. ಒಂದು ಅಡಿಕೆ ಮರ ಮಗುಚಿದರೆ ಒಂದು ಗ್ರಾಮ ಕತ್ತಲು. ಮಾಡಾವು–ಸುಳ್ಯ 110 ಕಿಲೋವೋಲ್ಟ್ ಮಾರ್ಗದ ಸುದ್ದಿಯನ್ನು ವರ್ಷಗಟ್ಟಲೆ ಪೇಪರಿನಲ್ಲಿ ಓದಿದವರು ನಾವು. ಆದ್ದರಿಂದ ನಮ್ಮ ಮೂರು ತಾಲೂಕಿನಲ್ಲಿ ಕಂಪ್ಯೂಟರನ್ನು ಸರಿಯಾಗಿ ಶುರುಮಾಡಲು ಬಂದರೆ ಸಾಲದು, ಸರಿಯಾಗಿ ಬಂದ್ ಮಾಡಲೂ ಬರಬೇಕು.

ಒಂದು ಕಾಲಕ್ಕೆ ಈ ಕೆಲಸ ಮನುಷ್ಯನ ಕೈಯದೇ ಆಗಿತ್ತು. ವಿಂಡೋಸ್ 95 ನೆನಪಿದೆಯೇ? ನಿಮ್ಮಲ್ಲಿ ಎಷ್ಟೋ ಮಂದಿ ಹುಟ್ಟಿರಲಿಲ್ಲ! ಬಂದ್ ಮಾಡಿದರೆ ಕಪ್ಪು ಪರದೆಯ ಮೇಲೆ ಕಿತ್ತಳೆ ಅಕ್ಷರದಲ್ಲಿ, ಇನ್ನು ಸ್ವಿಚ್ಚು ತೆಗೆಯಬಹುದು ಎಂದು ಇಂಗ್ಲಿಷಿನಲ್ಲಿ ಬರೆದು ಕಾಯುತ್ತಿತ್ತು. ಯಾಕೆ ಕಾಯಬೇಕಿತ್ತು? ಆಗಿನ ಡಬ್ಬಿಯ ಸ್ವಿಚ್ಚು ನೇರವಾಗಿ ಕರೆಂಟನ್ನೇ ಕಡಿಯುತ್ತಿತ್ತು, ತಂತ್ರಾಂಶದ ಮಾತನ್ನು ಕೇಳುತ್ತಿರಲಿಲ್ಲ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಹೊಸ ವಿನ್ಯಾಸ ತಂದಿತು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ಕಟ್ಟಳೆ ಹೊರಡಿಸಿದವು. ಅಲ್ಲಿಂದ ಮುಂದೆ ತಂತ್ರಾಂಶ ಹೇಳಿದರೆ ಯಂತ್ರ ತಾನೇ ಆರುತ್ತದೆ. ಆದರೆ ಪೂರ್ತಿ ಆರುವುದಿಲ್ಲ. 5 ವೋಲ್ಟಿನ ಒಂದು ಸಣ್ಣ ಜೀವ ಒಳಗೆ ಉಳಿದಿರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಸಿಡಿಲಿನ ವಿಷಯ ಬಂದಾಗ ಬೇಕಾಗುತ್ತದೆ.

ಹೀಗೆ ತಾನಾಗಿ ಬಂದ್ ಮಾಡುವ ಪುಟ್ಟ ತಂತ್ರಾಂಶಗಳು ನೂರಾರಿವೆ. ಪುಕ್ಕಟೆ ಎನ್ನುತ್ತಾರೆ, ಇಳಿಸಿಕೊಂಡರೆ ಜೊತೆಗೆ ಜಾಹೀರಾತಿನ ಹಿಂಡೂ ಒಳಗೆ ನುಗ್ಗುತ್ತದೆ. ಯಾವುದೂ ಬೇಡ! ವಿಂಡೋಸಿನ ಹೊಟ್ಟೆಯಲ್ಲೇ 2001ರ ಎಕ್ಸ್‌ಪಿ ಕಾಲದಿಂದ ಶಟ್‌ಡೌನ್ ಎಂಬ ಆಜ್ಞೆ ಇದೆ. ಟಾಸ್ಕ್ ಶೆಡ್ಯೂಲರ್ ಎಂಬ ಗುಮಾಸ್ತನೂ ಇದ್ದಾನೆ. ದಿನಾ ಸಂಜೆ ಐದೂವರೆಗೆ ಈ ಆಜ್ಞೆ ಓಡಿಸು ಎಂದು ಅವನಿಗೆ ಬರೆದುಕೊಟ್ಟರೆ ಮುಗಿಯಿತು. ದುಡ್ಡಿಲ್ಲ, ಕಾಸಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಕೇಳಿ.

ಸುಳ್ಯ ಕಡೆಯ ಒಂದು ಕಚೇರಿ. ಹೆಸರು ಬೇಡ. ಯಾರೋ ತಂತ್ರಜ್ಞ ಬಂದು, ರಾತ್ರಿಯಿಡೀ ಕಂಪ್ಯೂಟರು ಉರಿಯುವುದು ಬೇಡವೆಂದು ಐದೂವರೆಗೆ ತಾನಾಗಿ ಬಂದ್ ಆಗುವಂತೆ ಕಟ್ಟಿ ಹೋಗಿದ್ದ. ಒಳ್ಳೆಯ ಕೆಲಸವೇ. ಅಡಿಕೆ, ಕರಿಮೆಣಸಿನ ಬೆಳೆ ವಿಮೆಯ ಕೊನೆಯ ದಿನಗಳು. ಅಲ್ಲಿನ ಅಕ್ಕ ಸಂಜೆಯೂ ಕೂತು ಬೆಳೆಗಾರರ ಪಟ್ಟಿ ಬಡಿಯುತ್ತಿದ್ದರು. ಹೊರಗೆ ಧೋ ಎಂದು ಮಳೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಕೆಳಗೆ ಒಂದು ಗುಂಡಿ, ಅದರ ಮೇಲೆ 'ಕ್ಲೋಸ್' ಎಂದಿತ್ತು. ಅಕ್ಕ ಒತ್ತಿದರು. ಸೂಚನೆ ಮಾಯವಾಯಿತು. ಬೇಡ ಎಂದೆ, ಅದು ಕೇಳಿತು ಎಂದುಕೊಂಡು ಮತ್ತೆ ಬಡಿಯತೊಡಗಿದರು. ಸ್ವಲ್ಪ ಹೊತ್ತಿಗೆ ಯಂತ್ರ ದಪ್ಪನೆ ಆರಿಹೋಯಿತು! ಸೇವ್ ಮಾಡದ ಸಾಲುಗಳೆಲ್ಲ ಹೊಳೆಗೆ ಹೋದವು. ಮರುದಿನ ಬೈಗುಳ ಬಿದ್ದದ್ದು ಯಾರಿಗೆ? ಯಂತ್ರಕ್ಕಲ್ಲ, ತಂತ್ರಜ್ಞನಿಗೂ ಅಲ್ಲ. ಅಕ್ಕನಿಗೆ.

ಆ 'ಕ್ಲೋಸ್' ಎಂಬುದು ಮುಚ್ಚುವುದು ಸೂಚನೆಯ ಪೆಟ್ಟಿಗೆಯನ್ನು ಮಾತ್ರ. ಬಂದ್ ಆಗುವ ಗಡಿಯಾರ ಒಳಗೆ ಓಡುತ್ತಲೇ ಇರುತ್ತದೆ. ಇನ್ನೂ ಘೋರವಾದದ್ದು ಬೇರೆ ಇದೆ. ನೀವು ಕೈಯಾರೆ ಬಂದ್ ಮಾಡಿದರೆ ತೆರೆದಿರುವ ತಂತ್ರಾಂಶ, ಸೇವ್ ಮಾಡಲೇ ಎಂದು ಕೇಳಿ ಕಾಯುತ್ತದೆ. ಶಟ್‌ಡೌನ್ ಆಜ್ಞೆಗೆ ಇಷ್ಟು ಸೆಕೆಂಡು ಕಳೆದ ಮೇಲೆ ಎಂದು ಗಡುವು ಕೊಟ್ಟರೋ, ಬಲವಂತವಾಗಿ ಮುಚ್ಚು ಎಂಬ ಅಪ್ಪಣೆಯೂ ಅದರೊಳಗೇ ಸೇರಿಬಿಡುತ್ತದೆ. ಸೊನ್ನೆಗಿಂತ ಹೆಚ್ಚು ಯಾವ ಗಡುವು ಕೊಟ್ಟರೂ ಇದೇ ನಿಯಮ. ಆಗ ಯಾರೂ ಕೇಳುವುದಿಲ್ಲ, ಕಾಯುವುದಿಲ್ಲ. ಅಂದರೆ ಕೂತವರ ಕೆಲಸ ಉಳಿಯಲು ಇರುವ ಒಂದೇ ಒಂದು ಆಸರೆ, ಮೊದಲು ಬರುವ ಆ ಸೂಚನೆ. ಆ ಒಂದು ಆಸರೆಯೂ ಅವರಿಗೆ ಬಾರದ ಭಾಷೆಯಲ್ಲಿ!

ಈಗ ನಗುತ್ತೀರಾ?

ನಮ್ಮ ಕಡೆ ಮನೆಮಾತು ಒಂದೇ ಅಲ್ಲ. ಪುತ್ತೂರು ಪೇಟೆಯಲ್ಲಿ ತುಳು, ಸುಳ್ಯದ ಗೌಡರ ಮನೆಯಲ್ಲಿ ಅರೆಭಾಷೆ, ಹವ್ಯಕರ ಕನ್ನಡ, ಬ್ಯಾರಿ, ಮಲಯಾಳ, ಕೊಂಕಣಿ, ಮರಾಟಿ ಎಲ್ಲವೂ ಇವೆ. ಆದರೆ ಸೊಸೈಟಿಯ ರಸೀದಿ ಓದುವಾಗ, ಪಂಚಾಯಿತಿಯ ನೋಟೀಸು ಓದುವಾಗ ಇವರೆಲ್ಲರ ಕಣ್ಣಿಗೆ ಹತ್ತುವುದು ಕನ್ನಡದ ಅಕ್ಷರ. ಐದು ನಿಮಿಷದಲ್ಲಿ ಬಂದ್ ಎಂಬ ಮಾತು ಒಂದೇ ನೋಟಕ್ಕೆ ತಲೆಗೆ ಹೋಗಬೇಕಾದರೆ ಅದು ಆ ಅಕ್ಷರದಲ್ಲೇ ಬರಬೇಕು.

2022ರ ಜೂನಿನಲ್ಲಿ ಕೇಂದ್ರ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಸಂಘದ ತಂತ್ರಾಂಶ ನಾಡಭಾಷೆಯಲ್ಲಿ ಇರಬೇಕೆಂದು ಯೋಜನೆಯೇ ಹೇಳಿತು. ಸಂತೋಷ. ಆದರೆ ಲೆಕ್ಕದ ತಂತ್ರಾಂಶ ಕನ್ನಡವಾದರೆ ಅದನ್ನು ಹೊತ್ತು ಕೂತಿರುವ ವಿಂಡೋಸ್ ಕನ್ನಡವಾಗುತ್ತದೆಯೇ? ವಿಂಡೋಸಿಗೆ ಕನ್ನಡದ ಮುಖವಾಡ ಪುಕ್ಕಟೆಯಾಗಿ ಸಿಗುತ್ತದೆ, ಸೆಟ್ಟಿಂಗಿನಲ್ಲಿ ಭಾಷೆಯ ಪುಟಕ್ಕೆ ಹೋಗಿ ಇಳಿಸಿಕೊಳ್ಳಬಹುದು. ಇಳಿಸಿಕೊಂಡವರು ಎಷ್ಟು ಮಂದಿ, ಕೈ ಎತ್ತಿ ನೋಡೋಣ! ಇನ್ನು ಅಗ್ಗದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಬರುವುದು ಸಿಂಗಲ್ ಲ್ಯಾಂಗ್ವೇಜ್ ಆವೃತ್ತಿ. ಅದರಲ್ಲಿ ಅಂಗಡಿಯಿಂದಲೇ ಇಂಗ್ಲಿಷ್ ಕಾಲು ಚಾಚಿ ಕೂತಿರುತ್ತದೆ. ಬೇರೆ ಭಾಷೆ ಕೇಳಿದರೆ, ನಿನ್ನ ಪರವಾನಗಿಯಲ್ಲಿ ಒಂದೇ ಭಾಷೆ ಎಂದು ತಿರುಗಿಬೀಳುತ್ತದೆ. ಕನ್ನಡನಾಡಿನಲ್ಲಿ ಮಾರುವ ಯಂತ್ರಕ್ಕೆ ಆ ಒಂದು ಭಾಷೆ ಯಾವುದಾಗಬೇಕಿತ್ತು ಎಂದು ಯಾವ ಅಂಗಡಿಯವನೂ ಕೇಳುವುದಿಲ್ಲ. ನೀವು ಕೇಳಿ.

ಕೇಳುವ ತನಕ ಏನು ಮಾಡುವುದು? ಶಟ್‌ಡೌನ್ ಆಜ್ಞೆಯಲ್ಲೇ ಒಂದು ಕಿಂಡಿ ಇದೆ. ಅದರಲ್ಲಿ ನಮ್ಮದೇ ಮಾತನ್ನು ಬರೆಯಬಹುದು, 512 ಅಕ್ಷರದವರೆಗೆ, ಯಾವ ಭಾಷೆಯಲ್ಲಾದರೂ. ಸಿಂಗಲ್ ಲ್ಯಾಂಗ್ವೇಜ್ ಯಂತ್ರವೂ ಅದನ್ನು ತಡೆಯುವುದಿಲ್ಲ. ಆಜ್ಞೆ ಹೀಗೆ. ಶಟ್‌ಡೌನ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ಓರೆಗೆರೆ ಎಸ್. ಮತ್ತೆ ಜಾಗ ಬಿಟ್ಟು ಓರೆಗೆರೆ ಟಿ, ಮುಂದೆ 300, ಅಂದರೆ ಐದು ನಿಮಿಷದ ಸೆಕೆಂಡು. ಮತ್ತೆ ಓರೆಗೆರೆ ಸಿ, ಮುಂದೆ ಜೋಡಿ ಉದ್ಧರಣ ಚಿಹ್ನೆಯೊಳಗೆ ನಿಮ್ಮ ಕನ್ನಡದ ಮಾತು. ಎಸ್ ಬದಲು ಆರ್ ಹಾಕಿದರೆ ಬಂದ್ ಆಗಿ ಮತ್ತೆ ಶುರುವಾಗುತ್ತದೆ. ಗಡುವನ್ನು 31,53,60,000 ಸೆಕೆಂಡಿನವರೆಗೂ ಕೊಡಬಹುದು, ಅದು ಹತ್ತು ವರ್ಷ! ಯಾವ ಪುಣ್ಯಾತ್ಮನಿಗೆ ಬೇಕಾಗಿತ್ತೋ.

ಒಂದು ಎಚ್ಚರಿಕೆ. ಇದನ್ನು ಕಪ್ಪು ಕಿಟಕಿಯ ಕಮಾಂಡ್ ಪ್ರಾಂಪ್ಟಿನಲ್ಲಿ ಬರೆಯಲು ಹೋಗಬೇಡಿ. ಆ ಹಳೆಯ ಕಿಟಕಿಗೆ ನಮ್ಮ ಒತ್ತಕ್ಷರ ಜೋಡಿಸಲು ಬಾರದು, ಚೌಕದ ಮೇಲೆ ಚೌಕ ತೋರಿಸುತ್ತದೆ. ಟಾಸ್ಕ್ ಶೆಡ್ಯೂಲರಿನಲ್ಲಿ ಆಜ್ಞೆಗೊಂದು ಖಾನೆ, ಅದರ ಜೊತೆಯ ಓರೆಗೆರೆಗಳಿಗೆ ಇನ್ನೊಂದು ಖಾನೆ ಇದೆ. ಈ ಎರಡನೆಯದರಲ್ಲಿ ಯೂನಿಕೋಡ್ ಕನ್ನಡ ಬರೆಯಿರಿ. ಸೂಚನೆಯ ಪೆಟ್ಟಿಗೆಯಲ್ಲಿ ಅಕ್ಷರ ಸರಿಯಾಗಿ ಮೂಡುತ್ತದೆ. ಎಕ್ಸ್‌ಪಿ ಕಾಲದಲ್ಲೇ ವಿಂಡೋಸಿನೊಳಗೆ ತುಂಗಾ ಎಂಬ ಕನ್ನಡ ಅಕ್ಷರಮಾದರಿ ಬಂದಿತ್ತು. ನಮ್ಮ ಹೊಳೆಯ ಹೆಸರೇ! ನುಡಿಯ ಹಳೆಯ ಸಂಕೇತದಲ್ಲಿ ಬಡಿದರೆ ಮಾತ್ರ ಗೊಜಲಾಗುತ್ತದೆ. ಪೆಟ್ಟಿಗೆಯ ತಲೆಬರಹ ಇಂಗ್ಲಿಷಿನಲ್ಲೇ ಉಳಿದರೆ ಉಳಿಯಲಿ, ಕೆಳಗಿನ ಮಾತು ನಮ್ಮದು.

ಆ ಮಾತು ಏನಿರಬೇಕು? ಇಲ್ಲಿ ನಮ್ಮ ಪಂಡಿತರೊಡನೆ ನನಗೊಂದು ಜಗಳ ಇದೆ. 'ಗಣಕಯಂತ್ರವು ಸ್ಥಗಿತಗೊಳ್ಳಲಿದೆ' ಎಂದು ಬರೆಯಬೇಡಿ. ಸ್ಥಗಿತ ಎಂದರೆ ಕೆಟ್ಟು ನಿಂತಿತು ಎಂದುಕೊಂಡು ಯಾರಾದರೂ ಪ್ಲಗ್ ಎಳೆದಾರು. ನಮ್ಮೂರಲ್ಲಿ ಅಂಗಡಿಯೂ ಬಂದ್ ಆಗುತ್ತದೆ, ಪಂಪೂ ಬಂದ್ ಆಗುತ್ತದೆ. ಬಂದ್ ಎಂಬ ಪದ ಚಳವಳಿಯವರಾದ ನಮಗಂತೂ ಯಾರೂ ಕಲಿಸಬೇಕಾಗಿಲ್ಲ! ಆದ್ದರಿಂದ ಹೀಗೆ ಬರೆಯಿರಿ: 'ಐದು ನಿಮಿಷದಲ್ಲಿ ಈ ಕಂಪ್ಯೂಟರ್ ಬಂದ್ ಆಗುತ್ತದೆ. ಈಗಲೇ ಸೇವ್ ಮಾಡಿ. ಕೆಲಸ ಇದ್ದರೆ ಪರದೆಯಲ್ಲಿರುವ ಈಗ ಬೇಡ ಎಂಬ ಗುರುತನ್ನು ಎರಡು ಸಲ ಒತ್ತಿ. ಕ್ಲೋಸ್ ಒತ್ತಿದರೆ ಬಂದ್ ಆಗುವುದು ನಿಲ್ಲುವುದಿಲ್ಲ.'

ಆ 'ಈಗ ಬೇಡ' ಗುರುತನ್ನು ನೀವೇ ಮಾಡಿಡಬೇಕು. ಪರದೆಯ ಮೇಲೆ ಹೊಸ ಶಾರ್ಟ್‌ಕಟ್, ಅದರ ಒಳಗೆ ಶಟ್‌ಡೌನ್, ಜಾಗ, ಓರೆಗೆರೆ ಎ. ಗಡುವು ಮುಗಿಯುವ ಮೊದಲು ಒತ್ತಿದರೆ ಬಂದ್ ರದ್ದು. ಗುರುತಿಗೆ 'ನಿಲ್ಲಿಸು' ಎಂದು ಹೆಸರಿಡುವುದು ಬೇಡ. ಏನನ್ನು ನಿಲ್ಲಿಸುವುದು, ಬಂದ್ ಆಗುವುದನ್ನೋ ಯಂತ್ರವನ್ನೋ ಎಂಬ ಗೊಂದಲ ಬರುತ್ತದೆ. 'ಈಗ ಬೇಡ' ಸಾಕು, ಮಗುವಿಗೂ ತಿಳಿಯುತ್ತದೆ.

ತಾನಾಗಿ ಮತ್ತೆ ಶುರುವಾಗುವ ವಿಷಯಕ್ಕೆ ಬರೋಣ. ದಿನಾ ಬಂದ್ ಮಾಡುತ್ತೇವೆ, ಆದರೂ ಯಂತ್ರ ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ದೂರು ನೀವೂ ಕೇಳಿರಬಹುದು. 2012ರ ವಿಂಡೋಸ್ 8ರಿಂದ ಈಚೆಗೆ ಬೇಗ ಶುರುವಾಗಲಿ ಎಂದು ಒಂದು ಉಪಾಯ ಮಾಡಿದ್ದಾರೆ. ಮೆನುವಿನಿಂದ ಬಂದ್ ಮಾಡಿದರೆ ವಿಂಡೋಸಿನ ತಿರುಳು ಪೂರ್ತಿ ಮುಚ್ಚುವುದಿಲ್ಲ, ಡಿಸ್ಕಿನ ಮೇಲೆ ಮಲಗುತ್ತದೆ. ಮರುದಿನ ಅದೇ ಹಳೆಯ ತಲೆನೋವು ಹೊತ್ತು ಏಳುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಹೊಸದಾಗಿ ಹುಟ್ಟುತ್ತದೆ. ಆಜ್ಞೆಯ ಮೂಲಕ ಎಸ್ ಹಾಕಿ ಮಾಡಿದ ಬಂದ್ ಪೂರ್ತಿ ಬಂದ್, ಅದೊಂದು ಲಾಭ. ಇನ್ನು ವಿಂಡೋಸ್ ತಾನೇ ಅಪ್‌ಡೇಟ್ ಹಾಕಿಕೊಂಡು ಎದ್ದು ಕೂರುವ ಪೀಡೆಗೆ 2016ರಲ್ಲಿ ಆಕ್ಟಿವ್ ಅವರ್ಸ್ ಎಂಬ ಬೇಲಿ ಬಂತು. ಬಂದಾಗ ಅದು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಇತ್ತು. ನಮ್ಮ ಸೊಸೈಟಿಗಳಲ್ಲಿ ವಿಮೆಯ ಕಾಲಕ್ಕೆ ಐದರ ಮೇಲೆಯೇ ನಿಜವಾದ ಕೆಲಸ! ಬೇಲಿಯನ್ನು ರಾತ್ರಿ ಎಂಟಕ್ಕೆ ಸರಿಸಿ.

ಕರೆಂಟು ಹೋದಾಗ? ಯುಪಿಎಸ್ ಕೊಳ್ಳುವಾಗ ಯುಎಸ್‌ಬಿ ತಂತಿ ಇರುವುದನ್ನೇ ಕೇಳಿ. ಆ ತಂತಿಯಿಂದ ಅದು ಕಂಪ್ಯೂಟರಿಗೆ ಬ್ಯಾಟರಿ ಮುಗಿಯುತ್ತಿದೆ ಎಂದು ಹೇಳುತ್ತದೆ, ಯಂತ್ರ ಎಲ್ಲವನ್ನೂ ಡಿಸ್ಕಿಗೆ ಬರೆದು ತಾನೇ ಮಲಗುತ್ತದೆ. ತಂತಿ ಇಲ್ಲದ ಅಗ್ಗದ ಡಬ್ಬಿ ಬರೀ ಕೀಂ ಕೀಂ ಎನ್ನುತ್ತದೆ. ಕರೆಂಟು ಬಂದ ಕೂಡಲೇ ತಾನೇ ಶುರುವಾಗುವ ಏರ್ಪಾಡು ಬಯಾಸಿನಲ್ಲಿದೆ. ನನ್ನ ಅಭಿಪ್ರಾಯ, ನಮ್ಮ ಕಡೆ ಅದನ್ನು ಹಾಕಬೇಡಿ. ಮಳೆಗಾಲದಲ್ಲಿ ಕರೆಂಟು ಬರುವುದು ಒಂದೇ ಸಲವೇ? ಬಂದು, ಹೋಗಿ, ಬಂದು, ಹೋಗಿ ಆಡುತ್ತದೆ. ಪ್ರತಿ ಸಲವೂ ಯಂತ್ರ ಏಳುವುದು, ಬೀಳುವುದು. ಡಿಸ್ಕಿನ ಗತಿ ಏನು?

ಸಿಡಿಲಿಗಂತೂ ಈ ಯಾವ ತಂತ್ರಾಂಶವೂ ಮದ್ದಲ್ಲ. ಬಂದ್ ಆದ ಯಂತ್ರದಲ್ಲೂ 5 ವೋಲ್ಟಿನ ಜೀವ ಇರುತ್ತದೆ ಎಂದೆನಲ್ಲ, ಅಂದರೆ ಗೋಡೆಯ ಕರೆಂಟಿಗೆ ಅದು ಅಂಟಿಕೊಂಡೇ ಇದೆ. ದೂರದಲ್ಲಿ ಗುಡುಗುವಾಗಲೇ ಪ್ಲಗ್ ಕೀಳಬೇಕು, ಇಂಟರ್ನೆಟ್ಟಿನ ತಂತಿಯನ್ನೂ ಕೀಳಬೇಕು. ತಲೆಯ ಮೇಲೆ ಮಿಂಚುವಾಗ ಮುಟ್ಟಲು ಹೋಗಬೇಡಿ.

ಇದೆಲ್ಲ ನಮ್ಮ ಮಣ್ಣಿಗೆ ಹೊಸದೇನಲ್ಲ. ಇವತ್ತು ನೀವು ಬಳಸುವ ಕನ್ನಡ ಕೀಲಿಮಣೆಯ ತರ್ಕ ಕೊಟ್ಟವರು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. 1996ರಲ್ಲಿ ವಿಶ್ವಕನ್ನಡ ಎಂಬ ಅಂತರಜಾಲ ಪತ್ರಿಕೆ ತೆರೆದು, ಮಕ್ಕಳಿಗೆ ಕನ್ನಡದಲ್ಲೇ ಆಜ್ಞೆ ಬರೆಯಲು ಕನ್ನಡ ಲೋಗೋ ಮಾಡಿದ ಯು.ಬಿ. ಪವನಜರ ಹೆಸರಿನ ಮೊದಲಕ್ಷರದಲ್ಲೇ ಸುಳ್ಯ ತಾಲೂಕಿನ ಉಬರಡ್ಕ ಕೂತಿದೆ. ಜಾಲ್ಸೂರು ದಾಟಿ ಕಾಸರಗೋಡಿನ ಕನ್ನಡ ಶಾಲೆಗೆ ಹೋಗಿ ನೋಡಿ. ಕೇರಳ ಸರ್ಕಾರದ ಕಂಪ್ಯೂಟರ್ ಪಠ್ಯಪುಸ್ತಕ ಅಲ್ಲಿನ ಮಕ್ಕಳಿಗೆ ಕನ್ನಡದಲ್ಲಿ ಸಿಗುತ್ತದೆ. ಗಡಿಯಾಚೆ ಆದದ್ದು ಗಡಿಯೀಚೆ ಆಗದೇ?

ಚಂಪಾಷಷ್ಠಿಗೋ ದೀಪಾವಳಿಗೋ ಊರಿಗೆ ಹೋಗುತ್ತೀರಲ್ಲ. ನಿಮ್ಮ ಪಂಚಾಯಿತಿ, ಸೊಸೈಟಿ, ಶಾಲೆಯಲ್ಲಿ ಅಲ್ಲಿಯವರ ಒಪ್ಪಿಗೆ ಪಡೆದು ಅರ್ಧ ಗಂಟೆ ಕೂತುಕೊಳ್ಳಿ. ಮೊದಲು ಗಡುವನ್ನು 600 ಸೆಕೆಂಡಿಗೆ ಇಟ್ಟು, ಬೇರೆ ಯಾವ ಕೆಲಸವೂ ತೆರೆದಿಲ್ಲದ ಹೊತ್ತು ಪರೀಕ್ಷೆ ಮಾಡಿ. ಸೂಚನೆ ಬಂದಾಗ ನೀವು ಬಾಯಿ ಬಿಡಬೇಡಿ. ಅಲ್ಲಿ ದಿನಾ ಕೂರುವ ಅಕ್ಕನನ್ನೋ ಅಣ್ಣನನ್ನೋ ಗಟ್ಟಿಯಾಗಿ ಓದಲು ಹೇಳಿ, ಈಗ ಏನು ಮಾಡುತ್ತೀರಿ ಎಂದು ಕೇಳಿ. ಅವರು 'ಈಗ ಬೇಡ' ಒತ್ತಿ ಯಂತ್ರ ಉಳಿದರೆ ಐದೂವರೆಯ ಗಡುವು ಕಟ್ಟಿ ಬನ್ನಿ. 'ಕ್ಲೋಸ್' ಒತ್ತಿದರೆ ನಿಮ್ಮ ಕನ್ನಡದ ವಾಕ್ಯವನ್ನು ಇನ್ನೊಮ್ಮೆ ತಿದ್ದಿ.