ಎಷ್ಟು ಮರಿ ಹಾಕ್ತದೆ ಗೊತ್ತುಂಟಾ?

2020ರ ಅಕ್ಟೋಬರಿನಲ್ಲಿ ಉಡುಪಿಯ ಮಲ್ಪೆ ಬಂದರಿಗೆ ಮಾಂಟಾ ಜಾತಿಯ ಎರಡು ಭಾರೀ ತೊರಕೆ ಮೀನುಗಳು ಬಂದಿದ್ದವು. ಒಂದರ ತೂಕ ಸುಮಾರು 750 ಕಿಲೋ, ಇನ್ನೊಂದರದು 250. ಕ್ರೇನಿನಲ್ಲಿ ಎತ್ತಿದ ಆ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. ನಾನೂ ಆ ಸುದ್ದಿಯನ್ನು "ಅಬ್ಬಾ!" ಎನ್ನುತ್ತಾ ಓದಿ, ಒಂದು ಹಾಡು ಹಾಕಿದ್ದೆ.

ಹಾಡು ಮುಗಿಯುವ ಮೊದಲೇ ಶಂಶಾಬಾದಿನಿಂದ ಫೋನ್ ಬಂತು. ಹಿಂದೆ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದು, ಈಗ ಇಲ್ಲಿ ಮಗನ ಮನೆಯಲ್ಲಿರುವ ಹಿರಿಯರೊಬ್ಬರು. "ಹಬ್ಬದ ಸುದ್ದಿಯ ಹಾಗೆ ಓದಿದಿರಲ್ಲ ಮಾರಾಯ್ರೆ, ಅದು ಎಷ್ಟು ಮರಿ ಹಾಕ್ತದೆ ಗೊತ್ತುಂಟಾ?" ಅಂದರು. ನನಗೆ ಗೊತ್ತಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಬಂಗುಡೆ, ಭೂತಾಯಿ ಮೀನುಗಳು ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ಮಳೆಗಾಲದ 61 ದಿನ ಯಾಂತ್ರಿಕ ಬೋಟುಗಳು ದಡದಲ್ಲಿ ನಿಂತರೆ ಅವು ಸ್ವಲ್ಪ ಚೇತರಿಸಿಕೊಳ್ಳಬಹುದು. ಈ ದೈತ್ಯ ತೊರಕೆ ಹಾಗಲ್ಲ. ಸುಮಾರು ಒಂದು ವರ್ಷ ಬಸಿರು ಹೊತ್ತು ಹಾಕುವುದು ಸಾಮಾನ್ಯವಾಗಿ ಒಂದೇ ಮರಿ, ಅದೂ ಪ್ರತಿ ವರ್ಷವಲ್ಲ. ಎರಡು ತಿಂಗಳ ರಜೆ ಅದಕ್ಕೆ ಎಲ್ಲಿ ಸಾಕು?

ಬಹಳ ಸಲ ಇವು ಬೇರೆ ಮೀನಿಗೆ ಹಾಕಿದ ಬಲೆಗೆ ಬೀಳುತ್ತವೆ. ದಡದ ಹತ್ತಿರ ಮೀನು ಕಡಿಮೆಯಾದಷ್ಟೂ ಬೋಟುಗಳು ದೂರ ಹೋಗುತ್ತವೆ, ಬಲೆ ದೊಡ್ಡದಾಗುತ್ತದೆ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಜಗತ್ತಿನ ಲೆಕ್ಕ ಇನ್ನೂ ಕಠೋರ: 1970ರಿಂದ 2018ರೊಳಗೆ ಹೊರಸಮುದ್ರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇಕಡಾ 71ರಷ್ಟು ಕುಸಿದಿದೆ. ಮುಖ್ಯ ಕಾರಣ ಅತಿಯಾದ ಮೀನುಗಾರಿಕೆ.

ಹಾಗೆಂದು ಮೀನುಗಾರರನ್ನು ಬೈದರೆ ಆಯಿತೇ? ಗುಜರಾತಿನಲ್ಲಿ ತಿಮಿಂಗಿಲ ಶಾರ್ಕುಗಳನ್ನು ಒಂದು ಕಾಲಕ್ಕೆ ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಬಂತು. 2004ರಲ್ಲಿ ಶುರುವಾದ ಅಭಿಯಾನದಲ್ಲಿ ಕಥಾವಾಚಕ ಮೊರಾರಿ ಬಾಪು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಹರಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿತು. ಅದೇ ಮೀನುಗಾರರು ತಮ್ಮ ಬಲೆ ಕತ್ತರಿಸಿ ನೂರಾರು ಶಾರ್ಕುಗಳನ್ನು ಕಡಲಿಗೆ ಬಿಟ್ಟರು. ಮಗಳೆಂದ ಮೇಲೆ ಕೊಲ್ಲುವುದು ಹೇಗೆ? ಬಲೆಯ ದುಡ್ಡು ಬಂದರೆ ಬಿಡಲು ತೊಂದರೆಯೇನು?

ಶಂಶಾಬಾದಿಗೆ ಕಡಲು ದೂರ, ಆದರೆ ಕಡಲಿನ ಮೀನು ಐಸಿನಲ್ಲಿ ಇಲ್ಲಿಗೂ ಬರುತ್ತದೆ. ಮುಂದಿನ ಸಲ ಅಂಥ ಚಿತ್ರ ಬಂದಾಗ ಇನ್ನೊಬ್ಬರಿಗೆ ಕಳಿಸುವ ಮೊದಲು ಆ ಹಿರಿಯರ ಪ್ರಶ್ನೆಯನ್ನೂ ಜೊತೆಗೆ ಬರೆದು ಕಳಿಸಿ.

ಯಜಮಾನರೇ, ನೀವು ಕೇಳುತ್ತಿದ್ದರೆ: ಈಗ ಗೊತ್ತಾಯಿತು. ಒಂದೇ ಮರಿ.